ಅತ್ತೆಯ ಮನೆಯ ಇಂಟರ್‌ವ್ಯೂ

ಚಿತ್ರದುರ್ಗದ ನಮ್ಮ ಸೋದರತ್ತೆಯ ಮನೆಗೆ ಹೋಗಿ ಸುಮ್ಮನೆ ಕಾಫಿ ಕುಡಿದು ಬಂದವರು ಯಾರಾದರೂ ಇದ್ದರೆ ನನಗೆ ತೋರಿಸಿ! ಆ ಒಂದು ತಿಂಗಳು ಅಲ್ಲಿಗೆ ಕಾಲಿಟ್ಟವರೆಲ್ಲ ಮೊದಲು ಸಾಹೇಬರಾಗಬೇಕಿತ್ತು. ಮೇಜಿನ ಹಿಂದೆ ಕೂತು ನಮ್ಮ ಮಾವನನ್ನು ಇಂಟರ್‌ವ್ಯೂ ಮಾಡಬೇಕಿತ್ತು. ಕಾಫಿ ಆಮೇಲೆ.

ಕಾರಣ ನಗುವಂಥದ್ದಲ್ಲ. ಮಾವ ಫಿಟ್ಟರಾಗಿದ್ದ ಹತ್ತಿ ಮಿಲ್ಲು ವ್ಯಾಪಾರ ಬಿದ್ದುಹೋಗಿ ಬಾಗಿಲು ಹಾಕಿತ್ತು. ಬೇರೆ ಕಡೆ ಕೇಳೋಣವೆಂದರೆ ಎಲ್ಲರೂ ಇದ್ದವರನ್ನೇ ಮನೆಗೆ ಕಳಿಸುತ್ತಿದ್ದರು. ಕೊನೆಗೆ ಹಿರಿಯೂರಿನ ಒಂದು ಗಾರ್ಮೆಂಟ್ಸಿನವರು, ಹೊಲಿಗೆ ಮಿಷನ್ ರಿಪೇರಿಗೆ ಜನ ಬೇಕಾಗಬಹುದು, ಮುಂದಿನ ತಿಂಗಳು ಇಂಟರ್‌ವ್ಯೂಗೆ ಬನ್ನಿ ಎಂದರು. ಉಳಿದದ್ದು ಅದೊಂದೇ ದಾರಿ. ಮಾವನಿಗೆ ಎಂಥ ಕೆಟ್ಟ ಯಂತ್ರವಾದರೂ ಹೆದರಿಕೆಯಿಲ್ಲ. ಮೇಜಿನ ಹಿಂದೆ ಮನುಷ್ಯ ಕೂತನೋ, ಬಾಯಿ ಬಂದ್! ಅತ್ತೆಯ ನಿದ್ದೆ ಹಾರಿಹೋಯಿತು. ಮನೆಗೆ ಬಂದವರನ್ನೆಲ್ಲ ಸಾಹೇಬರಾಗಿ ಕೂರಿಸಿ ಮಾವನಿಗೆ ಅಭ್ಯಾಸ ಮಾಡಿಸತೊಡಗಿದಳು.

ಮೊದಲು ಸಿಕ್ಕಿಬಿದ್ದವರು ಹಾಲಿನವರು. ಅವರು ಬಹಳ ಯೋಚಿಸಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಕೇಳಿದರು. ಮಾವ ಸತ್ಯವಂತರು, ಏಳು ಗಂಟೆಗೆ ಎಂದರು. ಅಷ್ಟರಲ್ಲಿ ನಾನು ಅರ್ಧ ಊರಿಗೆ ಹಾಲು ಹಾಕಿರುತ್ತೇನೆ, ಈ ಮನುಷ್ಯ ಕೆಲಸಕ್ಕಾಗುವುದಿಲ್ಲ ಎಂದು ತೀರ್ಪು ಕೊಟ್ಟು ಹಾಲಿನವರು ಕ್ಯಾನು ಎತ್ತಿಕೊಂಡು ಹೊರಟೇಬಿಟ್ಟರು! ಅತ್ತೆ ಎಷ್ಟೋ ದಿನ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಬಾಗೂರಿನ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದರು. ಅತ್ತೆ ಹೇಳಿಕೊಟ್ಟ ಪ್ರಶ್ನೆಗಳನ್ನೆಲ್ಲ ಕೇಳುವಷ್ಟರಲ್ಲಿ ಮಾವನಿಗಿಂತ ಅವರೇ ಹೆಚ್ಚು ಬೆವರಿದ್ದರು. ಲಗ್ನಪತ್ರಿಕೆ ಚೀಲದಲ್ಲೇ ಉಳಿಯಿತು. ಮದುವೆಗೆ ಹೋಗಬೇಕೋ ಬೇಡವೋ ಎಂದು ನಾವು ತಲೆ ಕೆಡಿಸಿಕೊಂಡದ್ದು ಬೇರೆ ಕಥೆ!

ಕನ್ನಡಕ ಇದ್ದ ತಪ್ಪಿಗೆ ನಾನಂತೂ ಕಾಯಂ ಸಾಹೇಬ. ತುಟಿ ಅಲುಗಿದರೂ ಅತ್ತೆಯ ಬೈಗುಳ.

"ನಗಬ್ಯಾಡ ಕಣೋ. ಕೆಲ್ಸ ಕೊಡೋರು ನಗ್ತಾರೇನು?"

ಹೇಳುತ್ತಲೇ ಅವಳು ಮಾವನ ಅಂಗಿಯ ಕಾಲರನ್ನು ಮೂರನೇ ಸಲ ಸರಿಮಾಡಿದಳು. ನನಗೆ ನಗು ಬರುವುದು ನಿಂತೇ ಹೋಯಿತು.

ಆ ದಿನ ಬಂತು. ಮಾವ ಬೆಳಿಗ್ಗೆಯೇ ಹಿರಿಯೂರಿನ ಬಸ್ಸು ಹತ್ತಿದರು. ಅತ್ತೆ ಎರಡು ಸಲ ಸಾರಿಗೆ ಉಪ್ಪು ಹಾಕಿದಳು. ಸಂಜೆ ವಾಪಸು ಬಂದ ಮಾವ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

"ಕೇಳಿದ್ದಕ್ಕೆಲ್ಲ ಹೇಳ್ದೆ ಕಣೆ. ರಿಪೇರಿಗೆ ಸದ್ಯಕ್ಕೆ ಜನ ಬ್ಯಾಡ್ವಂತೆ. ಹೊಲಿಯೋ ಹೆಣ್ಮಕ್ಳು ಬೇಕಂತೆ."

ಅತ್ತೆ ಬೀದಿಯವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವಳು. ಅದನ್ನು ಕೆಲಸವೆಂದು ಅವಳೂ ಅಂದುಕೊಂಡಿರಲಿಲ್ಲ, ನಾವೂ ಅಂದುಕೊಂಡಿರಲಿಲ್ಲ. ಈಗ ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ಮೇಜಿನ ಹಿಂದೆ ಕೂರಿಸಿ, ಮಾವ ಅಭ್ಯಾಸಕ್ಕೆ ಕೂರುತ್ತಿದ್ದ ಸ್ಟೂಲಿನ ಮೇಲೆ ತಾನೇ ಕೂತಳು.

"ಕೇಳು. ನಿಂಗೇನ್ ಕೆಲ್ಸ ಬರ್ತೈತಮ್ಮ ಅಂತ ಕೇಳು."

ಕೇಳಿದೆ. ಊರಿಗೆಲ್ಲ ಪ್ರಶ್ನೆ ಹಂಚಿದ ಅತ್ತೆ ಬಾಗಿಲಲ್ಲಿದ್ದ ಮಾವನ ಮುಖ ನೋಡಿದಳು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವಳ ಕಣ್ಣು ತುಂಬಿಬಂತು.

ಮಾವ ಒಳಗೆ ಬಂದು ಅವಳ ಪಕ್ಕದಲ್ಲಿ ನಿಂತರು.

"ನಾನ್ ಹೇಳ್ತೀನಿ, ಸಾರ್," ಎಂದರು. ನನಗೆ, ಹೆಂಡತಿಯ ಅಣ್ಣನ ಮಗನಿಗೆ! "ಇವ್ಳು ಒಂದ್ ಸತಿ ಕಣ್ಣಾಗೆ ನೋಡಿದ್ರೆ ಸಾಕು, ಅಳತೆ ತಪ್ಪಲ್ಲ. ಮಿಲ್ಲು ಮುಚ್ಚಿದಾಗಿಂದ ಈ ಮನೆ ನಡೀತಿರೋದು ಇವ್ಳ ಹೊಲಿಗೆ ಮ್ಯಾಲೆ. ನಾನು ಖಾಲಿ ಕುಂತಿದೀನಿ ಅಂತ ನಂಗೇ ಗೊತ್ತಾಗ್ದಂಗೆ ನಡೆಸಿದಾಳೆ. ಬರ್ಕಳ್ರಿ ಸಾರ್."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಮಾವ ಇನ್ನೂ ಹೇಳುತ್ತಲೇ ಇದ್ದರು. ನಾನು ಬರೆದುಕೊಳ್ಳುತ್ತಾ ಹೋದೆ.