ಹುಣಸೆಬೀಜದ ತೀರ್ಮಾನಗಳು

ನಮ್ಮ ಅತ್ತೆ ನಮ್ಮೊಡನೆ ಇದ್ದ ಅಷ್ಟೂ ವರ್ಷ ಮನೆಯಲ್ಲಿ ಒಂದೇ ಒಂದು ತಪ್ಪು ತೀರ್ಮಾನ ಆಗಲಿಲ್ಲ. ಅಷ್ಟು ಜಾಣೆಯಾಗಿದ್ದರೇ ಎಂದು ನೀವು ಕೇಳಬಹುದು. ಹಾಗಲ್ಲ. ತೀರ್ಮಾನ ಅಂತ ಒಂದು ಆದರೆ ತಾನೇ ಅದು ತಪ್ಪೋ ಸರಿಯೋ ಆಗುವುದು!

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು ಚನ್ನಗಿರಿಯ ನಮ್ಮ ಬಾಡಿಗೆ ಮನೆಗೆ ಮರಳಿ ಬಂದವರು. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಾರೆ ಎಂದು ನೆಂಟರೆಲ್ಲ ಅಂದುಕೊಂಡಿದ್ದರೆ, ಇವರು ನಿಂತ ಓದನ್ನು ಮುಗಿಸಿ, ಬ್ಲಾಕ್ ಆಫೀಸಿನಲ್ಲಿ ಗ್ರಾಮಸೇವಿಕೆಯ ಕೆಲಸ ಹಿಡಿದರು. ಎಪ್ಪತ್ತರ ದಶಕದ ಮಾತು. ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಬೆಳಗಿನ ಬಸ್ಸಿಗೆ ನಲ್ಲೂರು, ಬಸವಾಪಟ್ಟಣ, ಸೂಳೆಕೆರೆಯ ಆಸುಪಾಸಿನ ಹಳ್ಳಿಗಳಿಗೆ ಹೊರಟರೆಂದರೆ ಸಂಜೆಯವರೆಗೂ ಹೆಂಗಸರಿಗೆ ಹೊಗೆಯಿಲ್ಲದ ಒಲೆ, ಮಕ್ಕಳ ಲಸಿಕೆ, ಹಿತ್ತಲ ಸೊಪ್ಪಿನ ಮಡಿ ಇವುಗಳದ್ದೇ ಪಾಠ.

ಎಲ್ಲ ಸರಿಯಾಗಿಯೇ ಇತ್ತು, ಬಸವಾಪಟ್ಟಣದಲ್ಲಿ ಆರೋಗ್ಯವಂತ ಶಿಶು ಸ್ಪರ್ಧೆ ನಡೆಯುವವರೆಗೆ.

ಆಗೆಲ್ಲ ಇಂಥ ಸ್ಪರ್ಧೆಗಳು ನಡೆಯುತ್ತಿದ್ದವು. ಹಿಂದಿನ ವರ್ಷ ತೀರ್ಪುಗಾರರಾಗಿ ಬಂದಿದ್ದ ಯಾರೋ ಸಾಹೇಬರ ಹೆಂಡತಿ, ತಮ್ಮ ತೊಡೆಯ ಮೇಲೆ ಅಳದೆ ಕೂತ ಮಗುವಿಗೆ ಬಹುಮಾನ ಕೊಟ್ಟುಬಿಟ್ಟಿದ್ದರಂತೆ. ತಾಯಂದಿರ ನಡುವೆ ಅದು ಜಡೆ ಹಿಡಿಯುವ ಮಟ್ಟಕ್ಕೆ ಹೋಗಿತ್ತು. ಅದಕ್ಕೇ ಆ ಸಲ ಗ್ರಾಮಸೇವಿಕೆಯರನ್ನು ಕೂರಿಸಿ ಒಂದು ತರಬೇತಿ ಕೊಟ್ಟರು. ಮಗುವನ್ನು ಇಡಿಯಾಗಿ ನೋಡಬೇಡಿ, ಬಿಡಿಬಿಡಿಯಾಗಿ ನೋಡಿ. ತೂಕಕ್ಕಿಷ್ಟು ಅಂಕ, ಹಲ್ಲಿಗಿಷ್ಟು, ಉಗುರಿನ ಸ್ವಚ್ಛತೆಗಿಷ್ಟು, ಲಸಿಕೆಗಿಷ್ಟು. ಯಾವುದು ಹೆಚ್ಚು ಮುಖ್ಯವೋ ಅದಕ್ಕೆ ಹೆಚ್ಚು ಅಂಕ. ಕೊನೆಗೆ ಕೂಡಿಸಿ.

ಅತ್ತೆ ಕೂಡಿಸಿದರು. ಗೊಣ್ಣೆ ಸುರಿಸುತ್ತ, ಸ್ಪರ್ಧೆಯುದ್ದಕ್ಕೂ ಅರಚಿದ ಒಂದು ಮಗುವಿಗೆ ಮೊದಲ ಬಹುಮಾನ ಬಂತು. ಒಬ್ಬ ತಾಯಿಯೂ ತುಟಿ ಬಿಚ್ಚಲಿಲ್ಲ.

"ನೋಡ್ರಿ, ಯಾರೂ ಜಗಳ ಆಡ್ಲಿಲ್ಲ," ಎಂದು ಅತ್ತೆ ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು.

"ಯಾರಿಗೂ ಅರ್ಥ ಆಗಿರಾಕಿಲ್ಲ, ಅದಕ್ಕೆ," ಎಂದರು ಅಪ್ಪ.

ಅತ್ತೆ ಈ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಲೋಕದ ಜಗಳಗಳಿಗೆಲ್ಲ ಮದ್ದು ಸಿಕ್ಕಿತೆಂದು ಅವರಿಗೆ ಖಾತ್ರಿಯಾಗಿತ್ತು. ಮೊದಲ ರೋಗಿಗಳು ನಾವು.

ಅದೊಂದು ಭಾನುವಾರ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗಿಬರೋಣ ಎಂಬ ಮಾತು ಬಂತು. ಬೇರೆ ಯಾವ ಮನೆಯಲ್ಲಾದರೂ "ಸೂಳೆಕೆರೆಗೆ ಹೋಗೋಣ" ಎನ್ನುತ್ತಿದ್ದರು, ಬುತ್ತಿ ಕಟ್ಟುತ್ತಿದ್ದರು, ಹೋಗುತ್ತಿದ್ದರು. ಅತ್ತೆ ಹಾಗೆ ಹೋಗಲು ಬಿಡುತ್ತಾರೆಯೇ? ನಡುಮನೆಯಲ್ಲಿ ಬಟ್ಟಲುಗಳನ್ನು ಸಾಲಾಗಿಟ್ಟರು. ಓದುಬರಹ ಬಾರದ ಅಜ್ಜಿಗೂ ಹಕ್ಕಿರಲಿ ಎಂದು ಅಂಕಗಳ ಬದಲು ಎಲ್ಲರ ಕೈಗೂ ಒಂದೊಂದು ಹಿಡಿ ಹುರಿದ ಶೇಂಗಾ ಕೊಟ್ಟರು.

"ಮೊದ್ಲು ಯಾವ ವಿಷಯ ಎಷ್ಟು ಮುಖ್ಯ ಅಂತ ಹಾಕ್ರಿ. ಇದು ದೂರದ ಬಟ್ಲು, ಇದು ನೆರಳು, ಇದು ನೋಡಾಕೆ ಚೆಂದ. ಆಮೇಲೆ ಯಾವ ಜಾಗದಾಗೆ ಅದು ಎಷ್ಟೈತೆ ಅಂತ ಆ ಜಾಗದ ಬಟ್ಲಿಗೆ ಇನ್ನೊಂದು ಸಲ ಹಾಕ್ರಿ. ಆಮೇಲೆ ನಾನು ಇದನ್ನ ಅದರಿಂದ ಗುಣಿಸ್ತೀನಿ."

"ಯಾವುದನ್ನ ಯಾವುದರಿಂದ?" ಎಂದರು ಅಪ್ಪ.

"ಗುಣ ನೋಡಾಕೆ ಇದೇನು ಗಂಡು ನೋಡೋ ಶಾಸ್ತ್ರನಾ?" ಎಂದರು ಅಜ್ಜಿ.

ಅತ್ತೆ ಮತ್ತೆ ಮೊದಲಿನಿಂದ ವಿವರಿಸಿದರು. ಮೊದಲ ಸಲ ಅಷ್ಟಿಷ್ಟು ಅರ್ಥವಾದಂತಿದ್ದ ಅವ್ವನಿಗೂ ಎರಡನೆಯ ಸಲ ಏನೂ ಅರ್ಥವಾಗಲಿಲ್ಲ. ದೂರ ಹೆಚ್ಚಿದ್ದರೆ ಬೀಜ ಹೆಚ್ಚು ಹಾಕಬೇಕೋ ಕಡಿಮೆ ಹಾಕಬೇಕೋ ಎಂಬ ಪ್ರಶ್ನೆ ಎದ್ದು, ಅದು ಬಗೆಹರಿಯುವ ಮೊದಲೇ ಮಧ್ಯಾಹ್ನದ ಊಟವಾಯಿತು. ಅಜ್ಜಿ ತಮ್ಮ ಪಾಲನ್ನೆಲ್ಲ ನೆರಳಿನ ಬಟ್ಟಲಿಗೆ ಸುರಿದು, ಅದೇ ನೆರಳಿನಲ್ಲಿ ಎಂಬಂತೆ ಅಲ್ಲೇ ಅಡ್ಡಾದರು. ಅಂತೂ ಗುಣಿಸುವ ಹೊತ್ತು ಬಂದಾಗ ಒಂದು ಬಟ್ಟಲು ಬರಿದಾಗಿತ್ತು. ಆಗಿನ್ನೂ ಮದುವೆಯಾಗದೆ ನಮ್ಮೊಡನೆಯೇ ಇದ್ದ ಚಿಕ್ಕಪ್ಪನ ದವಡೆ ಆಡುತ್ತಿತ್ತು.

"ಏನೋ ತಿಂತಾ ಇದ್ದೀಯಾ?"

"ಸೂಳೆಕೆರೆ, ಅಕ್ಕ."

ಅಷ್ಟರಲ್ಲಿ ಬಸ್ಸೂ ಹೋಗಿತ್ತು. ಅಂದಿನಿಂದ ಶೇಂಗಾ ಹೋಗಿ, ಯಾರೂ ಸುಲಭಕ್ಕೆ ತಿನ್ನಲಾಗದ ಹಸಿ ಹುಣಸೆಬೀಜ ಬಂತು.

ಹುಣಸೆಬೀಜದಿಂದ ತೀರ್ಮಾನಗಳು ಗಟ್ಟಿಯಾದವು ಎನ್ನಬೇಡಿ. ಕಿಟಕಿಗೆ ಬಳಿಯುವ ಬಣ್ಣ ಹಸಿರೋ ನೀಲಿಯೋ ಎಂದು ಎಣಿಸಲು ಕೂತು, ಯಾರೂ ಕೇಳದ ಕಾವಿ ಬಣ್ಣ ಗೆದ್ದಿತು. ಅದು ಹೇಗೆ ಪಟ್ಟಿಯೊಳಗೆ ನುಗ್ಗಿತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಬಣ್ಣ ಬಳಿಯುವವನು ಬಂದು ನಮ್ಮೆಲ್ಲರ ಮುಖ ನೋಡಿ, ನಾಳೆ ಬರುತ್ತೇನೆಂದು ಹೋದವನು ಮತ್ತೆ ಬರಲೇ ಇಲ್ಲ.

ಮುಂದೆ ಚಿಕ್ಕಪ್ಪನಿಗೆ ಹೊನ್ನಾಳಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸವಾಯಿತು, ಮದುವೆಯಾಯಿತು, ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ನಾವೆಲ್ಲ ಹೊನ್ನಾಳಿಗೆ ಹೋದೆವು. ಸೋದರತ್ತೆ ತಾನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು? ವಿಧವೆ ಹೇಳಬಾರದೆಂದು ಯಾರೋ ಗೊಣಗಿದರು. "ನನ್ನ ಮಗಳೇ ಹೇಳ್ಬೇಕು. ಹೇಳ್ತಾಳೆ," ಎಂದು ಅಜ್ಜಿ ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದರು. ಹೇಳಲು ಅತ್ತೆ ಸಿದ್ಧರಿದ್ದರು, ಆದರೆ ಹೆಸರು ಸಿದ್ಧವಿರಲಿಲ್ಲ. ಕರೆಯಲು ಸುಲಭ, ಬರೆಯಲು ಸುಲಭ, ಹಿರಿಯರ ನೆನಪು, ಒಳ್ಳೆಯ ಅರ್ಥ ಎಂದು ಬಟ್ಟಲುಗಳು ಸಾಲಾದವು. ಚಿಕ್ಕಮ್ಮನ ತವರಿನವರು ತಮಗೂ ಬೀಜ ಬೇಕೆಂದರು. ಎಣಿಸಿದಷ್ಟು ಸಲವೂ ಬೇರೆ ಬೇರೆ ಹೆಸರು ಗೆದ್ದಿತು. ಕೊನೆಗೆ ಅತ್ತೆ ಮಗುವಿನ ಕಿವಿಯಲ್ಲಿ ಏನೋ ಹೇಳಿದರು. ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ, "ಸ್ವಲ್ಪ ತಡಿಯಮ್ಮ ಅಂದೆ," ಎಂದರು.

ಮಗು ಪುಟ್ಟಿಯಾಗಿಯೇ ಬೆಳೆಯಿತು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಹೆಸರು ಕೇಳಿದರೆ ಚಿಕ್ಕಪ್ಪ ತಲೆ ಕೆರೆದುಕೊಂಡು, "ಇನ್ನೂ ಎಣಿಸ್ತಾ ಇದ್ದೀವಿ ಸಾರ್," ಎಂದರಂತೆ. ಮಾಸ್ತರರು ತಮ್ಮ ತಾಯಿಯ ಹೆಸರನ್ನೇ ಬರೆದುಕೊಂಡರು. ಆ ಹೆಸರು ನಮ್ಮ ಯಾವ ಬಟ್ಟಲಿನಲ್ಲೂ ಇರಲಿಲ್ಲ.

ಇಷ್ಟಾದರೂ ನಾವು ಯಾಕೆ ಬೀಜ ಹಾಕುತ್ತಲೇ ಇದ್ದೆವು? ನನಗೂ ಸರಿಯಾಗಿ ಗೊತ್ತಿಲ್ಲ. ಬಟ್ಟಲುಗಳ ಮುಂದೆ ಕೂತಾಗ ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿ, "ನಿಂಗೇನು ಅನಸ್ತೈತೆ?" ಎಂದು ಕೇಳುತ್ತಿದ್ದರು. ಫ್ರಾಕು ತೊಟ್ಟ ನನ್ನನ್ನು ಆ ಮನೆಯಲ್ಲಿ ಬೇರೆ ಯಾರೂ ಹಾಗೆ ಕೇಳಿದ್ದಿಲ್ಲ. ಅವ್ವನನ್ನೂ ಕೇಳಿದ್ದಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಒಂದರ ಹಿಂದೊಂದು ಬದಲಾವಣೆ. ಅಜ್ಜಿ ತೀರಿಕೊಂಡರು. ಅತ್ತೆಗೆ ನಿವೃತ್ತಿಯಾಯಿತು. ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ನ್ಯಾಮತಿಗೆ ವರ್ಗವಾಯಿತು. ಚನ್ನಗಿರಿಯ ಬಾಡಿಗೆ ಮನೆ ಬಿಡಬೇಕು. ಹಾಗಾದರೆ ಅತ್ತೆ ಎಲ್ಲಿರಬೇಕು? ನಮ್ಮೊಡನೆ ನ್ಯಾಮತಿಗೆ ಬರುತ್ತಾರೆ ಎಂದು ನಾನು ಧೈರ್ಯವಾಗಿದ್ದೆ. ಚಿಕ್ಕಪ್ಪ ಹೊನ್ನಾಳಿಗೆ ಬರಲೇಬೇಕೆಂದು ಹಟ ಹಿಡಿದರು. ಇನ್ನೊಂದು ಮನೆ ಜಗಳೂರಿನದು. ಅಪ್ಪನ ಕೊನೆಯ ತಂಗಿ, ನಾವು ಸಣ್ಣತ್ತೆ ಎನ್ನುತ್ತಿದ್ದವರು, ಅಲ್ಲಿಯ ಶಾಲಾ ಮಾಸ್ತರರೊಬ್ಬರನ್ನು ಮದುವೆಯಾಗಿದ್ದರು.

"ಇದರಾಗೆ ಮುಖ ನೋಡಿ ಹೇಳೋದೇನೂ ಬ್ಯಾಡ," ಎಂದರು ಅತ್ತೆ. ಅಜ್ಜಿಯ ವರ್ಷದ ತಿಥಿಗೆ ಎಲ್ಲರೂ ಸೇರಿದ್ದ ದಿನ, ಊಟ ಮುಗಿದ ಮೇಲೆ, ತಾವೇ ಬಟ್ಟಲುಗಳನ್ನು ಸಾಲಾಗಿಟ್ಟರು. ನೀರು, ಆಸ್ಪತ್ರೆ, ಇರುವ ಜಾಗ, ಬಿಸಿಲು, ಮನೆಯ ನೆಮ್ಮದಿ. ಎಲ್ಲರಿಗೂ ಬೀಜ ಹಂಚಿದರು. ತಮ್ಮನ್ನೇ ಎಣಿಸುವ ಲೆಕ್ಕವನ್ನು, ಯಾವುದೋ ಹಳ್ಳಿಯ ಯಾರದೋ ಮಗುವನ್ನು ತೂಗುವಂತೆ, ಕನ್ನಡಕ ಸರಿಮಾಡಿಕೊಂಡು ನಡೆಸಿದರು.

ಅವ್ವ ಬೀಜ ಮುಟ್ಟಲಿಲ್ಲ. "ನಿಮ್ಮನ್ನ ಎಣಿಸಾಕೆ ನಂಗೆ ಬರಾಕಿಲ್ಲ ಅಕ್ಕ," ಎಂದು ಎದ್ದು ಅಡುಗೆಮನೆಗೆ ಹೋದರು.

"ಬಾರಮ್ಮ, ನಿಂದೂ ಲೆಕ್ಕಕ್ಕೆ ಬೇಕು," ಎಂದು ಅತ್ತೆ ಕರೆದರು. ಅವ್ವ ಬರಲಿಲ್ಲ.

ಚಿಕ್ಕಪ್ಪ ಹೊನ್ನಾಳಿಯ ಹೊಳೆ ನೀರಿಗೆ ಕೈ ಸೋಲುವಷ್ಟು ಹಾಕಿದರು. ಅಪ್ಪ ಪ್ರತಿ ಬಟ್ಟಲಿನ ಮುಂದೆಯೂ ಯೋಚಿಸುತ್ತ ಕೂತರು. ನಾನು ನ್ಯಾಮತಿಗೆ ಹಾಕಬೇಕಾದ್ದನ್ನು ಗಾಬರಿಯಲ್ಲಿ ಬಿಸಿಲಿನ ಬಟ್ಟಲಿಗೆ ಹಾಕಿ, ಹಾಕಿದ್ದನ್ನು ತೆಗೆಯಬಹುದೋ ಬಾರದೋ ತಿಳಿಯದೆ ಕಣ್ಣು ಕಣ್ಣು ಬಿಟ್ಟೆ. ಸಣ್ಣತ್ತೆ ಮಾತ್ರ ಕೈಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೊರಗಿದ್ದರು.

"ನಮ್ಮೂರಿಗೆ ಬರಬ್ಯಾಡಕ್ಕ," ಎಂದರು. "ನೀರಿಗೆ ಸಾಲು ನಿಲ್ಬೇಕು. ಮನೆ ನೋಡಿದ್ರೆ ಕಾಲು ಚಾಚಾಕೆ ಜಾಗ ಇಲ್ಲ. ನೀನು ಈ ವಯಸ್ಸಿನಾಗೆ ಅಲ್ಲಿ ಬಂದು ಏನು ಸುಖ ಪಡ್ತೀಯಾ?"

ಅಷ್ಟು ಹೇಳಿ ಕೂತಲ್ಲೇ ನಿದ್ದೆ ಹೋದರು. ಬೀಜಗಳು ಮುಷ್ಟಿಯಲ್ಲೇ ಉಳಿದವು. ಅವರ ಇನ್ನಿಬ್ಬರು ಮಕ್ಕಳು ಸೆರಗು ಹಿಡಿದು ಎಳೆದರೂ ಎಚ್ಚರವಾಗಲಿಲ್ಲ. ಅತ್ತೆ ಎದ್ದು ಹೋಗಿ ಜಾರುತ್ತಿದ್ದ ಕೂಸನ್ನು ಎತ್ತಿಕೊಂಡರು. ಕೂಸನ್ನು ಹೆಗಲಿಗೆ ಹಾಕಿಕೊಂಡೇ ಗುಣಿಸಿದರು, ಕೂಡಿಸಿದರು.

ಆಗ ನಮ್ಮ ಮನೆಯ ಚರಿತ್ರೆಯಲ್ಲೇ ಆಗದ್ದು ಆಯಿತು. ಲೆಕ್ಕ ಸರಿಹೋಯಿತು! ಹೊನ್ನಾಳಿ ಗೆದ್ದಿತು. ಎರಡನೆಯದು ನ್ಯಾಮತಿ. ಜಗಳೂರು ಎಲ್ಲೋ ಕೆಳಗೆ. ಅಪ್ಪ ಇನ್ನೊಮ್ಮೆ ಎಣಿಸಿದರು, ಬದಲಾಗಲಿಲ್ಲ. ಗೊಂದಲ ನಮಗೆ ಒಗ್ಗಿತ್ತು, ಸ್ಪಷ್ಟತೆ ಒಗ್ಗಿರಲಿಲ್ಲ.

ಮರುದಿನ ಬೆಳಿಗ್ಗೆ ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಚಿಕ್ಕಪ್ಪ ಅತ್ತೆಯ ಟ್ರಂಕನ್ನು ಹೊನ್ನಾಳಿ ಬಸ್ಸಿನ ಮೇಲೆ ಹಾಕಿಸಿದರು. ಪಕ್ಕದಲ್ಲಿ ದಾವಣಗೆರೆ ಬಸ್ಸು ನಿಂತಿತ್ತು. ಅಲ್ಲಿ ಇಳಿದು ಜಗಳೂರಿನ ಬಸ್ಸು ಹಿಡಿಯಬೇಕಿದ್ದ ಸಣ್ಣತ್ತೆ, ಕೂಸನ್ನು ಕಟ್ಟಿಕೊಂಡು, ಇನ್ನಿಬ್ಬರನ್ನು ಒಂದೇ ಸೀಟಿಗೆ ಅಮುಕಿ ಕೂತಿದ್ದರು. ಅತ್ತೆ ಎರಡೂ ಬಸ್ಸುಗಳನ್ನು ನೋಡಿದರು. ಆಮೇಲೆ ಕಂಡಕ್ಟರನನ್ನು ಕರೆದು, "ಆ ಟ್ರಂಕು ಇಳಿಸಪ್ಪ. ಈ ಬಸ್ಸಿಗೆ ಹಾಕು," ಎಂದರು.

ಚಿಕ್ಕಪ್ಪ ಓಡಿ ಬಂದರು. "ಅಕ್ಕ, ಅದು ದಾವಣಗೆರೆ ಬಸ್ಸು."

"ಗೊತ್ತೈತೆ."

"ಗೆದ್ದಿರೋದು ಹೊನ್ನಾಳಿ. ನೀನೇ ಎಣಿಸಿದ್ದು."

"ಹೌದಪ್ಪ, ಗೆದ್ದೈತೆ. ನಿಮ್ಮಲ್ಲಿ ನೀರೈತೆ, ಆಸ್ಪತ್ರೆ ಐತೆ, ನೆಮ್ಮದಿ ಐತೆ. ಅಷ್ಟೆಲ್ಲ ಇರೋ ಮನಿಗೆ ನಾನ್ಯಾಕೆ?"

"ಮತ್ತೆ ಅಷ್ಟೊತ್ತು ಎಣಿಸಿದ್ದು ಯಾಕಕ್ಕ?"

"ಎಲ್ಲಿ ಏನಿಲ್ಲ ಅಂತ ತಿಳೀಬೇಕಿತ್ತಲ್ಲ," ಎಂದು ಅತ್ತೆ ಬಸ್ಸು ಹತ್ತಿದರು. ಚಿಕ್ಕಪ್ಪ ಅಪ್ಪನ ಮುಖ ನೋಡಿದರು. ಅಪ್ಪ ನನ್ನ ಮುಖ ನೋಡಿದರು. ನನಗೆ ಅಳು ಬಂದಿತ್ತು, ಆದರೆ ಅತ್ತೆ ನಮಗೆ ಸಿಗಲಿಲ್ಲವೆಂದು ಅಳುತ್ತಿದ್ದೇನೋ, ಇನ್ನೇತಕ್ಕೋ, ತಿಳಿಯಲಿಲ್ಲ.

ಮುಂದಿನ ಬೇಸಿಗೆಯ ರಜೆಗೆ ಅಪ್ಪ ನನ್ನನ್ನು ಜಗಳೂರಿಗೆ ಕರೆದುಕೊಂಡು ಹೋದರು. ನಡು ಮಧ್ಯಾಹ್ನ. ಬೋರಿಂಗಿನ ಮುಂದೆ ಕೊಡಗಳು ಸಾಲಾಗಿದ್ದವು. ತಮ್ಮ ಕೊಡವನ್ನು ಸಾಲಿಗೆ ಬಿಟ್ಟು, ಮನೆಯ ಜಗಲಿಯ ಚೂರು ನೆರಳಿನಲ್ಲಿ ಅತ್ತೆ ಕೂತಿದ್ದರು. ತೊಡೆಯ ಮೇಲೆ ಕೂಸು, ಅಕ್ಕಪಕ್ಕದಲ್ಲಿ ಇನ್ನಿಬ್ಬರು. ಅತ್ತೆ ಕಪ್ಪಗಾಗಿದ್ದರು, ಬಡವಾಗಿದ್ದರು. ನಾನು "ಅತ್ತೆ" ಎಂದು ಕೂಗಿಕೊಂಡು ಓಡಿದೆ.

ಅವರು ತುಟಿಯ ಮೇಲೆ ಬೆರಳಿಟ್ಟರು. ಮುಚ್ಚಿದ ಬಾಗಿಲ ಕಡೆ ಕಣ್ಣು ತೋರಿಸಿ, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದರು:

"ಮೆಲ್ಲಗೆ ಕಣೇ. ನನ್ನ ತಂಗಿ ಮಲಗ್ಯಾಳೆ."