ಟೈಲರಣ್ಣನ ನಕ್ಷೆಯಲ್ಲಿ ಇಲ್ಲದ ಬೆಟ್ಟ

"ಇಪ್ಪತ್ತೆರಡು ವರ್ಷ ಕಣೇ! ಇಪ್ಪತ್ತೆರಡು ವರ್ಷ ಈ ಕಾಲು ಹೊಲಿಗೆ ಮಷೀನು ತುಳಿದಿದೆ. ಅಷ್ಟನ್ನೂ ರಸ್ತೆ ಮೇಲೆ ತುಳಿದಿದ್ರೆ ಭೂಮಿಗೆ ಎರಡು ಸುತ್ತು ಹಾಕಿ, ಮೂರನೇ ಸುತ್ತಿಗೆ ಮುಂಚೆ ಟೀ ಕುಡಿಯೋಕೆ ಇಳಿದಿರ್ತಿದ್ದೆ!"

ಟೈಲರಣ್ಣ ಹೀಗೆಂದು ಅಂಗಡಿಯ ಸ್ಟೂಲಿನ ಮೇಲೆ ಕಾಲು ಚಾಚಿ ಮೀಸೆ ತಿರುವಿದ. ಎದುರಿಗೆ ನಿಂತು ಕೇಳುತ್ತಿದ್ದವಳು ಹೆಂಡತಿ. ಅವಳು ಮನೆಮನೆಗೆ ಅಂಚೆ ಹಂಚುವವಳು. ಬೀದಿಯವರೆಲ್ಲ ಪೋಸ್ಟಮ್ಮ ಎನ್ನುತ್ತಾರೆ. ಹದಿನೆಂಟು ವರ್ಷದಿಂದ ದಿನಾ ಇಪ್ಪತ್ತೈದು ಕಿಲೋಮೀಟರ್ ಸೈಕಲ್ ತುಳಿಯುತ್ತಾಳೆ. ಆ ಬಗ್ಗೆ ಇವತ್ತಿನವರೆಗೆ ಯಾರಿಗೂ ಭಾಷಣ ಮಾಡಿದವಳಲ್ಲ.

ಈ ವೀರಾವೇಶಕ್ಕೆಲ್ಲ ಕಾರಣ ಷಡ್ಡಕ. ಪೋಸ್ಟಮ್ಮನ ಅಕ್ಕನ ಗಂಡ, ಕಾಡಿನ ಆಚೆಗಿನ ಊರಿನಲ್ಲಿ ಹೆಡ್ಮೇಷ್ಟ್ರು. ಶನಿವಾರ ಸಂಜೆ ನಾಲ್ಕಕ್ಕೆ ಅವರಿಗೆ ಬೀಳ್ಕೊಡುಗೆ. ಅದಕ್ಕೆ ಹೊಸ ಕೋಟು ಹೊಲಿದವನು ಟೈಲರಣ್ಣ. ಅವರ ಹಳೆಯ ಕೋಟು ಮದುವೆ ಕಾಲದ್ದು. ಗುಂಡಿ ಹಾಕಿದರೆ ಉಸಿರು ಬಿಡುವಂತಿಲ್ಲ, ಉಸಿರು ಬಿಟ್ಟರೆ ಗುಂಡಿ ಹಾರಿ ಮೊದಲ ಸಾಲಿನಲ್ಲಿ ಕೂತವರ ಹಣೆಗೆ! ಹೊಸ ಕೋಟಿನ ಕೊನೆಯ ಕಾಜಾ ಮುಗಿದದ್ದೇ ಶುಕ್ರವಾರ. ಆಗ ಟೈಲರಣ್ಣ ಫೋನು ಮಾಡಿ ಘೋಷಿಸಿದ.

"ಕೋಟನ್ನ ಸೈಕಲ್‌ನಲ್ಲೇ ತರ್ತೀನಿ ಮೇಷ್ಟ್ರೇ. ನಾವಿಬ್ರೂ ಹಾಗೇ ಕಾಡು ನೋಡ್ಕೊಂಡು ಬರ್ತೀವಿ."

"ನೀವಾ? ಟೈಲರ್ರೇ, ನಿಮ್ಮ ದಮ್ಮಯ್ಯ, ಬಸ್ಸಲ್ಲಿ ಬನ್ನಿ! ಮುನ್ನೂರು ಮಕ್ಕಳ ಮುಂದೆ ನನ್ನ ಹೊಟ್ಟೆ ನನಗಿಂತ ಮುಂಚೆ ಭಾಷಣ ಶುರು ಮಾಡಬಾರದು."

"ನಾಲ್ಕರೊಳಗೆ ಕೋಟು ನಿಮ್ಮ ಮೈಮೇಲಿರದಿದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!"

ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ಟೈಲರಣ್ಣನದು ಇಸ್ತ್ರಿಪೆಟ್ಟಿಗೆಯ ಮುಂದೆ.

ದಾರಿಗೆ ನಕ್ಷೆಯೂ ಇತ್ತು. ಪೋಸ್ಟಮ್ಮ ಯಾವತ್ತೋ ಹಳೇ ಪೇಪರ್ ಅಂಗಡಿಯಿಂದ ತಂದದ್ದು. ಸೈಕಲ್ ಪ್ರವಾಸಿಗರಿಗೆಂದೇ ಅಚ್ಚು ಹಾಕಿಸಿದ, ಕೆಂಪು ಗೆರೆಯ ದಾರಿಗಳಿದ್ದ ದೊಡ್ಡ ಹಾಳೆ. ಮಡಿಸಿ ಮಡಿಸಿ ನಡುವೆ ಹರಿದು ಎರಡು ತುಂಡಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂಟು ಹಚ್ಚುತ್ತಿದ್ದರು. ಆದರೆ ಹರಿದದ್ದನ್ನು ಕಂಡರೆ ಟೈಲರಣ್ಣನ ಕೈ ತಾನಾಗಿ ಮಷೀನಿನ ಕಡೆ ಹೋಗುತ್ತದೆ. ಎರಡೂ ತುಂಡುಗಳನ್ನು ಜೋಡಿಸಿ, ಹೊಲಿಗೆಗೆಂದು ಎರಡೂ ಕಡೆ ಅರ್ಧರ್ಧ ಇಂಚು ಒಳಗೆ ಬಿಟ್ಟು ಸರ್ರೆಂದು ಹೊಲಿದ. ಹಿಂಬದಿ ಮಡಚಿ ಇಸ್ತ್ರಿ ಎಳೆದ. ಕೆಂಪು ಗೆರೆಗೆ ಕೆಂಪು ಗೆರೆ ಕೂಡಿಕೊಂಡಿತು. ಅಂಥ ಹೊಲಿಗೆಯ ನಕ್ಷೆ ಯಾವ ಚಕ್ರವರ್ತಿಯ ಬಳಿಯೂ ಇದ್ದಿರಲಾರದು!

ಮೇಲೆ ಟೇಪು ಹಿಡಿದು ಅಳೆದ. "ನಾಲ್ಕೂವರೆ ಇಂಚು. ಇಂಚಿಗೆ ಹತ್ತು ಕಿಲೋಮೀಟರ್ ಅಂತ ಇಲ್ಲೇ ಬರೆದಿದೆ. ಅಂದ್ರೆ ನಲವತ್ತೈದು. ಬೆಳಗ್ಗೆ ಎಂಟಕ್ಕೆ ಹೊರಟ್ರೆ ಹನ್ನೆರಡೂವರೆಗೆ ನಿಮ್ಮಕ್ಕನ ಮನೇಲಿ ಊಟ, ಒಂದಕ್ಕೆ ನಿದ್ದೆ!"

"ದಾರಿ ಹೇಗಿದೆಯಂತೆ?" ಎಂದಳು ಪೋಸ್ಟಮ್ಮ.

"ನೋಡು, ಇಸ್ತ್ರಿ ಹಾಕಿದ ಹಾಗೆ!"

ಇಸ್ತ್ರಿ ಹಾಕಿದವನೇ ಅವನಲ್ಲವೇ.

ಶನಿವಾರ ಹೊರಟರು. ಕೋಟು ಪೋಸ್ಟಮ್ಮನ ಅಂಚೆ ಚೀಲದಲ್ಲಿ, ನಕ್ಷೆ ಟೈಲರಣ್ಣನ ಎದೆಯ ಜೇಬಿನಲ್ಲಿ. ಊರು ದಾಟಿ ಎಂಟು ಕಿಲೋಮೀಟರಿಗೆಲ್ಲ ಅವನಿಗೆ ಒಂದು ಸತ್ಯ ಹೊಳೆಯಿತು. ಮಷೀನು ತುಳಿದರೆ ಬಟ್ಟೆ ಮುಂದೆ ಹೋಗುತ್ತದೆ, ತುಳಿಯುವವನು ಕೂತಲ್ಲೇ ಇರುತ್ತಾನೆ. ಸೈಕಲ್‌ನಲ್ಲಿ ಹಾಗಲ್ಲ. ತನ್ನ ಹೊಟ್ಟೆ, ಬೆನ್ನು, ಪೌರುಷ ಎಲ್ಲವನ್ನೂ ತಾನೇ ಹೊತ್ತುಕೊಂಡು ಹೋಗಬೇಕು!

ಆದರೂ ಅವನು ಗೊಣಗಲಿಲ್ಲ. ಗೊಣಗಲು ಬಾಯಿ ತೆರೆದಾಗಲೆಲ್ಲ ಎದುರಿಗೆ ಏನಾದರೊಂದು ಬಂದು ಬಾಯಿ ಮುಚ್ಚಿಸುತ್ತಿತ್ತು. ಒಮ್ಮೆ ಉದ್ದಕ್ಕೂ ಹಸಿರು ಹೊಲ, ಅದರ ನಡುವೆ ಒಂದೇ ಒಂದು ಬಿಳಿ ಕುದುರೆ. ಇನ್ನೊಮ್ಮೆ ದಾರಿಯ ಮೇಲೆಯೇ ಹರಿಯುವ ಪಾದ ಮುಳುಗುವಷ್ಟು ನೀರು. ಆಮೇಲೆ ಕಾಡು ಶುರುವಾಯಿತು. ಎರಡೂ ಬದಿಯ ಮರಗಳು ಮೇಲೆ ಕೂಡಿಕೊಂಡು, ಬಿಸಿಲು ಚೂರುಚೂರಾಗಿ ರಸ್ತೆಯ ಮೇಲೆ ಬಿದ್ದಿತ್ತು. ಸದ್ದೆಂದರೆ ಸೈಕಲ್ ಚೈನಿನದು ಮಾತ್ರ. ಇಷ್ಟು ವರ್ಷ ಷಡ್ಡಕನ ಊರಿಗೆ ಬಸ್ಸಿನಲ್ಲಿ ಹೋಗಿದ್ದಾನೆ. ಬಸ್ಸು ಹೆದ್ದಾರಿ ಬಳಸಿ ಹೋಗುತ್ತದೆ, ಅವನು ಟಿಕೆಟ್ ತೆಗೆದ ತಕ್ಷಣ ಗೊರಕೆ ಹೊಡೆಯುತ್ತಾನೆ. ಪಕ್ಕದಲ್ಲಿ ಇಂಥದ್ದೊಂದು ಲೋಕವಿದೆ ಎಂದು ಯಾರೂ ಅವನನ್ನು ಎಬ್ಬಿಸಿ ಹೇಳಿರಲಿಲ್ಲ.

ಹನ್ನೆರಡೂವರೆಗೆ ಕಾಡು ಬಿಚ್ಚಿಕೊಂಡಿತು. ನಕ್ಷೆಯ ಪ್ರಕಾರ ಅಲ್ಲಿ ಒಂದು ಸೇತುವೆ, ಅದರಾಚೆ ಹೆಡ್ಮೇಷ್ಟ್ರ ಊರು ಇರಬೇಕು. ಸೇತುವೆ ಇತ್ತು. ಅದರಾಚೆ ಇದ್ದದ್ದು ಬೆಟ್ಟ!

ಸಣ್ಣಪುಟ್ಟದ್ದಲ್ಲ. ತಲೆಯೆತ್ತಿ ನೋಡಿದರೆ ಟೋಪಿ ಹಿಂದೆ ಬೀಳುವಂಥದ್ದು. ಬುಡದಿಂದ ನೆತ್ತಿಯವರೆಗೂ ಕಾಡು, ಅದರೊಳಗೆ ಅಂಕುಡೊಂಕಾಗಿ ಹತ್ತುವ ದಾರಿ. ಷಡ್ಡಕನ ಊರಿನಿಂದ ಆ ಬೆಟ್ಟವನ್ನು ಎಷ್ಟೋ ಸಲ ಕಂಡಿದ್ದ, ದಾರಿ ಅದನ್ನೇ ಹತ್ತುತ್ತದೆಂದು ಮಾತ್ರ ಎಣಿಸಿರಲಿಲ್ಲ. ಟೈಲರಣ್ಣ ನಕ್ಷೆ ನೋಡಿದ. ಬೆಟ್ಟ ನೋಡಿದ. ನಕ್ಷೆಯನ್ನು ತಿರುಗಿಸಿ ನೋಡಿದ. ಬೆಟ್ಟ ತಿರುಗಲಿಲ್ಲ.

ಸೇತುವೆಯ ಹತ್ತಿರ ಒಬ್ಬ ಅಜ್ಜಿ ಮೇಕೆ ಮೇಯಿಸುತ್ತಿದ್ದಳು.

"ಅಜ್ಜೀ, ಈ ಬೆಟ್ಟ ಯಾವಾಗಿಂದ ಇಲ್ಲಿದೆ?"

"ನಾನು ಹುಟ್ಟೋಕೆ ಸ್ವಲ್ಪ ಮುಂಚೆ ಬಂತಂತಪ್ಪ," ಎಂದಳು ಅಜ್ಜಿ. "ಸೈಕಲ್‌ನೋರು ಈ ಕಡೆ ಬರಲ್ಲ. ಹಿಂದೆ ಹನ್ನೆರಡು ಕಿಲೋಮೀಟರ್ ಹೋಗಿ ಬಳಸುದಾರಿ ಹಿಡಿದ್ರೆ ಕತ್ತಲಾಗೋ ಹೊತ್ತಿಗೆ ಊರು ಸೇರ್ತೀರಿ."

ಪೋಸ್ಟಮ್ಮ ಗಂಡನ ಕೈಯಿಂದ ನಕ್ಷೆ ತೆಗೆದುಕೊಂಡು, ಹೊಲಿಗೆಯ ಹಿಂಬದಿಯನ್ನು ಬೆರಳಿನಿಂದ ಬಿಡಿಸಿ ತೋರಿಸಿದಳು. ಎರಡೂ ಬದಿಯ ಅರ್ಧರ್ಧ ಇಂಚಿನಲ್ಲಿ ಹತ್ತು ಕಿಲೋಮೀಟರ್ ದಾರಿ, ದಟ್ಟ ಕಂದು ಬಣ್ಣದ ಒಂದು ಬೆಟ್ಟ, ಜೊತೆಗೆ ಸಣ್ಣಕ್ಷರದಲ್ಲಿ "ಬಹಳ ಕಡಿದಾದ ಏರು. ಸವಾರರು ಬಳಸುದಾರಿ ಹಿಡಿಯುವುದು ಒಳ್ಳೆಯದು" ಎಂಬ ಬುದ್ಧಿವಾದ. ಎಲ್ಲವೂ ಇಸ್ತ್ರಿಯಾಗಿ ಬೆಚ್ಚಗೆ ಮಲಗಿದ್ದವು.

"ಬೆಟ್ಟನ ಹೊಲಿದುಬಿಟ್ಟಿದ್ದೀರಲ್ರೀ!"

"ಮತ್ತೆ? ಬಟ್ಟೆ ಬಿಡದೆ ಯಾವನಾದ್ರೂ ಹೊಲೀತಾನಾ? ಬಿಚ್ಚಿಕೊಂಡ್ರೆ ಯಾರು ಜವಾಬ್ದಾರಿ?" ಎಂದ ಟೈಲರಣ್ಣ. ದನಿಯಲ್ಲಿ ಮಾತ್ರ ಜೀವ ಇರಲಿಲ್ಲ. ಹಿಂದೆ ಹೋದರೆ ಕೋಟು ತಪ್ಪುತ್ತದೆ. ಕೋಟು ತಪ್ಪಿದರೆ ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಮನುಷ್ಯ ಕೊನೆಯ ದಿನ ಉಸಿರು ಬಿಗಿಹಿಡಿದು ನಿಲ್ಲಬೇಕು. ಕತ್ತರಿಯ ಮೇಲೆ ಆಡಿದ ಮಾತು ಬೇರೆ.

"ನಡೀರಿ," ಎಂದಳು ಪೋಸ್ಟಮ್ಮ. ಅವಳು ಆಗಲೇ ಸೈಕಲ್ ತಳ್ಳುತ್ತಿದ್ದಳು.

ದೂರದ ಬೆಟ್ಟ ನುಣ್ಣಗೆ ಎಂದವನು ಪುಣ್ಯವಂತ, ದೂರದಲ್ಲೇ ನಿಂತು ಹೇಳಿದ್ದಾನೆ. ಮೊದಲ ತಿರುವಿನಲ್ಲಿ ಟೈಲರಣ್ಣ ನೀರು ಕೇಳಿದ. ಮೂರನೆಯದರಲ್ಲಿ ಕ್ಷಮೆ ಕೇಳಿದ. ಐದನೆಯದರಲ್ಲಿ ಕೂತೇಬಿಟ್ಟು, "ನನ್ನ ಮಷೀನು ನಿಮ್ಮಕ್ಕನ ಮಗಳಿಗೆ ಕೊಟ್ಟುಬಿಡು," ಎಂದ. ಪೋಸ್ಟಮ್ಮ ಒಂದು ಕೈಯಲ್ಲಿ ತನ್ನ ಸೈಕಲ್ಲು, ಇನ್ನೊಂದು ಕೈಯಲ್ಲಿ ಅವನ ಸೈಕಲ್ಲು ತಳ್ಳುತ್ತ ಮುಂದೆ ಹೋಗುತ್ತಿದ್ದಳು. ಹದಿನೆಂಟು ವರ್ಷ ಇವಳು ಸಂಜೆ ಮನೆಗೆ ಬಂದು "ಸ್ವಲ್ಪ ಕಾಲು ನೋವು" ಎಂದಾಗ ತಾನು ತಲೆಯೆತ್ತದೆ ಗುಂಡಿ ಹೊಲಿಯುತ್ತಿದ್ದದ್ದು ಅವನಿಗೆ ನೆನಪಾಯಿತು. ಬೆಟ್ಟಕ್ಕಿಂತ ದೊಡ್ಡದನ್ನು ಮನೆಯಲ್ಲೇ ಇಟ್ಟುಕೊಂಡು ತಾನು ನೋಡಿಯೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ಎದ್ದು ಹೋಗಿ ತನ್ನ ಸೈಕಲನ್ನು ತಾನೇ ಹಿಡಿದ.

ಮೂರು ಗಂಟೆಗೆ ನೆತ್ತಿ ಸೇರಿದರು.

ಅಲ್ಲಿ ಟೈಲರಣ್ಣ ಸೈಕಲ್ಲಿಗೆ ಒರಗಿ ನಿಂತ. ಕೆಳಗೆ, ಬೆಳಗ್ಗೆಯಿಂದ ಅವರು ದಾಟಿ ಬಂದ ಕಾಡೆಲ್ಲ ಒಂದೇ ಮಡಿಕೆಯಾಗಿ ಬಿದ್ದಿತ್ತು. ಅದರಾಚೆ ಬೆಟ್ಟ, ಅದರಾಚೆ ಇನ್ನೊಂದು, ಒಂದಕ್ಕಿಂತ ಒಂದು ತೆಳು ನೀಲಿ. ಕೊನೆಯದು ಬೆಟ್ಟವೋ ಆಕಾಶವೋ ಹೇಳುವಂತಿರಲಿಲ್ಲ. ಮೋಡದ ನೆರಳೊಂದು ಹೊಲದಿಂದ ಹೊಲಕ್ಕೆ ಅವಸರವಿಲ್ಲದೆ ದಾಟುತ್ತಿತ್ತು. ಗಾಳಿ ಅಷ್ಟೂ ಮರಗಳನ್ನು ಒಟ್ಟಿಗೆ ಮುಟ್ಟಿ ಹೋಯಿತು. ಅವನ ಕಣ್ಣಲ್ಲಿ ನೀರು ಬಂತು. ಬೆವರೆಂದು ಒರೆಸಿಕೊಂಡ.

"ಎಷ್ಟು ದೊಡ್ಡದು ಕಣೇ..." ಎಂದ. ಅಳತೆ ಹೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಅಳತೆ ಹೇಳದೆ ಬಿಟ್ಟದ್ದು ಅದೇ ಮೊದಲು.

ಪೋಸ್ಟಮ್ಮ ಪಕ್ಕದ ಬಂಡೆಯ ಮೇಲೆ ಕೂತಿದ್ದಳು. ಅವನೂ ಹೋಗಿ ಪಕ್ಕದಲ್ಲಿ ಕೂತ. ಆಮೇಲೆ ಅವಳೇ ಎದ್ದು, "ಕೋಟು," ಎಂದಳು.

ಇಳಿಜಾರಿನ ಕತೆ ಕೇಳಬೇಡಿ. ಟೈಲರಣ್ಣನ ಬ್ರೇಕು ಕಿರುಚಿತು, ಬ್ರೇಕಿಗಿಂತ ಜೋರಾಗಿ ಅವನು ಕಿರುಚಿದ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಎರಡು ಸೈಕಲ್ಲುಗಳು ಶಾಲೆಯ ಅಂಗಳಕ್ಕೆ ನುಗ್ಗಿದವು. ಹಳೇ ಕೋಟಿನಲ್ಲಿ ಮುಖ ಕೆಂಪಾಗಿ ನಿಂತಿದ್ದ ಹೆಡ್ಮೇಷ್ಟ್ರು ಹೊಸದನ್ನು ತೊಟ್ಟು, ಮೂರೂ ಗುಂಡಿ ಹಾಕಿ, ಉದ್ದಕ್ಕೆ ಉಸಿರು ಬಿಟ್ಟರು. ಒಂದು ಗುಂಡಿಯೂ ಅಲುಗಲಿಲ್ಲ!

"ಮಕ್ಕಳೇ," ಎಂದರು ಮೈಕಿನಲ್ಲಿ, "ನಮ್ಮ ಟೈಲರ್ರು ಈ ಕೋಟನ್ನ ಸೈಕಲ್‌ನಲ್ಲಿ, ಆ ಬೆಟ್ಟ ಹತ್ತಿಸಿ ತಂದಿದ್ದಾರೆ. ನಾನು ಇಷ್ಟು ವರ್ಷ ಅದರ ಬುಡದಲ್ಲೇ ಇದ್ದು ಒಂದು ದಿನವೂ ಹತ್ತಿಲ್ಲ. ಎದ್ದು ನಿಲ್ಲಿ ಟೈಲರ್ರೇ, ಎಲ್ಲರೂ ನೋಡಲಿ!"

ಮುನ್ನೂರು ಮಕ್ಕಳ ಚಪ್ಪಾಳೆ. ಟೈಲರಣ್ಣ ಎದೆ ಉಬ್ಬಿಸಿದ. ಎದೆ ಮೇಲೆದ್ದಿತು, ಕಾಲು ಏಳಲಿಲ್ಲ! ಪೋಸ್ಟಮ್ಮ ತೋಳು ಹಿಡಿದು ಎತ್ತಿದ ಮೇಲೆಯೇ ಮಹಾವೀರರ ದರ್ಶನವಾದದ್ದು.

ಕೂತ ಮೇಲೆ ಅವನು ಮೆಲ್ಲಗೆ ಕೇಳಿದ. "ಅಲ್ವೇ, ನೀನು ಅಂಚೆಯವಳು. ನಿಮ್ಮಕ್ಕನ ಊರು ಬೇರೆ. ಈ ದಾರಿ ಬೆಟ್ಟ ಹತ್ತುತ್ತೆ ಅಂತ ನಿನಗೂ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ ನಿನ್ನೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬಸ್ಸಲ್ಲಿ ಗೊರಕೆ ಹೊಡೀತಿದ್ರಿ. ನಿಮ್ಮ ಪಕ್ಕ ಕೂತು ಆ ಕಾಡನ್ನ ಬೆಟ್ಟದ ಮೇಲಿಂದ ನೋಡಬೇಕು ಅಂತ ನನಗೆ ಎಷ್ಟು ವರ್ಷದ ಆಸೆ ಗೊತ್ತಾ?"

ಟೈಲರಣ್ಣ ಜೇಬಿನಿಂದ ನಕ್ಷೆ ತೆಗೆದು, ಎರಡೂ ಕೈಯಲ್ಲಿ ಅವಳಿಗೆ ಒಪ್ಪಿಸಿದ.

ಪೋಸ್ಟಮ್ಮ ಅದನ್ನು ಮಡಿಲಲ್ಲಿ ಬಿಡಿಸಿ, ಬಲಗಡೆಯ ಅಂಚಿನಲ್ಲಿ ಬೆರಳಾಡಿಸುತ್ತ ಹೇಳಿದಳು:

"ಇಲ್ಲಿ ಇದಕ್ಕಿಂತ ದೊಡ್ಡ ಬೆಟ್ಟ ಒಂದಿದೆ ರೀ. ಮನೆಗೆ ಹೋದ ಮೇಲೆ ಸರಿಯಾಗಿ ಇದರ ಮೇಲೇ ಹರಿದು ಕೊಡ್ತೀನಿ, ಹೊಲಿದುಬಿಡಿ."