ಮೇಷ್ಟ್ರ ಬೇಡಿಕೆ

ಭಾನುವಾರ ಬೆಳಿಗ್ಗೆ ಅರ್ಥಶಾಸ್ತ್ರದ ಮೇಷ್ಟ್ರ ಮನೆಯಲ್ಲಿ ಸುಕ್ಕಾದ ಅಂಗಿ ಒಂದೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಅಂಗಿ ಸುಕ್ಕಾಗದೆ ಇಸ್ತ್ರಿ ಅಂಗಡಿಗೆ ಹೋಗುವಂತಿಲ್ಲ. ಹೋಗದೆ ಅಂಗಡಿಯಾಕೆಯನ್ನು ನೋಡುವಂತಿಲ್ಲ.

ಆಕೆಯೂ ಒಂಟಿ, ಇವರೂ ಒಂಟಿ. ನಲವತ್ತು ದಾಟಿದ ಮೇಷ್ಟ್ರು ಸಂಜೆ ಮನೆ ಸೇರಿದರೆ "ಯಾಕೆ ತಡ?" ಎನ್ನುವವರಿರಲಿಲ್ಲ. ಬಟ್ಟೆಗೆ ನೀರು ಚಿಮುಕಿಸುತ್ತಾ ಆಕೆ "ಕಾಲರ್ ಗಟ್ಟಿಯಾಗಿ ಒತ್ತಲಾ ಸಾರ್?" ಎಂದು ಕೇಳುವ ಒಂದು ಮಾತಿಗೆ ಅವರು ದಿನವೆಲ್ಲ ಹಂಬಲಿಸುತ್ತಿದ್ದರು. ಮನಸ್ಸಿನಲ್ಲಿರುವುದನ್ನು ಹೇಳಲು ಬಾಯಿ ಬಾರದೆ ಅರ್ಥಶಾಸ್ತ್ರ ಹೇಳಿ ವಾಪಸಾಗುತ್ತಿದ್ದರು. ಇವತ್ತು ಮಾತ್ರ ಕೇಳಿಯೇ ಬಿಡುವುದೆಂದು ತೀರ್ಮಾನಿಸಿ, ಇಸ್ತ್ರಿಯಾಗಿದ್ದ ನಾಲ್ಕು ಅಂಗಿಗಳನ್ನು ಕುರ್ಚಿಯ ಮೇಲೆ ಹಾಕಿ, ಸುಕ್ಕಾಗಲೆಂದು ಅವುಗಳ ಮೇಲೆಯೇ ಭದ್ರವಾಗಿ ಕುಳಿತರು.

ಪೇಪರ್ ಕೇಳಲು ಬಂದ ಪಕ್ಕದ ಮನೆ ದೊಡ್ಡಮ್ಮ ಬಾಗಿಲಲ್ಲೇ ನಿಂತರು. "ಏನ್ ಮೇಷ್ಟ್ರೇ, ಕೋಳಿ ಕಾವಿಗೆ ಕೂತ ಹಾಗೆ ಕೂತಿದೀರಿ?"

"ಬೇಡಿಕೆ ಸೃಷ್ಟಿ ಮಾಡ್ತಿದೀನಿ ದೊಡ್ಡಮ್ಮ." ಸಿಕ್ಕಿಬಿದ್ದ ಮೇಷ್ಟ್ರಿಗೆ ಪಾಠವೇ ಆಸರೆ. "ಜನ ಖರ್ಚು ಮಾಡದೆ ಕೂತ್ರೆ ವ್ಯಾಪಾರ ಇಲ್ಲ, ವ್ಯಾಪಾರ ಇಲ್ದಿದ್ರೆ ಕೆಲಸ ಇಲ್ಲ. ಆಗ ಸರ್ಕಾರಾನೇ ಖರ್ಚು ಮಾಡ್ಬೇಕು. ಗುಂಡಿ ತೋಡಿಸಿ ಮುಚ್ಚಿಸಿದ್ರೂ ಸರಿ, ಕೂಲಿ ಸಿಕ್ಕೋನು ಚಪ್ಪಲಿ ಕೊಳ್ತಾನೆ, ಚಪ್ಪಲಿಯವನು ಕೊಡೆ ಕೊಳ್ತಾನೆ..."

ಮೇಷ್ಟ್ರ ಕೆಳಗಿನಿಂದ ಇಣುಕುತ್ತಿದ್ದ ಅಂಗಿಯ ತೋಳು ದೊಡ್ಡಮ್ಮನ ಕಣ್ಣಿಗೆ ಬಿತ್ತು. "ಅಂದ್ರೆ ಇಸ್ತ್ರಿ ಅಂಗಡೀಗೆ ನೀವೇ ಸರ್ಕಾರ. ಹಾಗಾದ್ರೆ ನಮ್ಮನೆ ಪರದೇನೂ ತಗೊಂಡು ಹೋಗಿ."

ದೊಡ್ಡಮ್ಮನ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದಂತೆಯೇ. ಎದುರುಮನೆಯಿಂದ ಆರು ಬೆಡ್‌ಶೀಟ್ ಬಂದವು. ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರ್ ಪ್ಯಾಂಟುಗಳನ್ನು ಮೇಲಿಂದಲೇ ಎಸೆದು ಕೂಗಿದರು: "ಸರ್ಕಾರಕ್ಕೆ ಇಷ್ಟೆಲ್ಲ ದುಡ್ಡು ಎಲ್ಲಿಂದ ಬರುತ್ತೆ ಮೇಷ್ಟ್ರೇ?"

"ಸಾಲ ಮಾಡುತ್ತೆ. ಇಲ್ಲಾ ನಿಮ್ಮ ಮೇಲೆ ತೆರಿಗೆ ಹಾಕುತ್ತೆ."

ತೆರಿಗೆ ಎಂದದ್ದೇ ತಡ, ಪೋಸ್ಟ್‌ಮಾಸ್ಟರ್ ಆಮೆಯಂತೆ ತಲೆ ಒಳಗೆಳೆದುಕೊಂಡರು. ಪ್ಯಾಂಟುಗಳು ಮಾತ್ರ ಮೇಷ್ಟ್ರ ಹೆಗಲಲ್ಲೇ ಉಳಿದವು.

ಗಂಟು ಹೊತ್ತ ಮೇಷ್ಟ್ರಿಗೆ ಎದುರಿಗೆ ಏನೂ ಕಾಣುತ್ತಿರಲಿಲ್ಲ. ತಿರುವಿನಲ್ಲಿ ಸೈಕಲ್ಲಿಗೆ ಡಿಕ್ಕಿ ಹೊಡೆದರು. ಬಟ್ಟೆಗಳು ರಸ್ತೆ ತುಂಬ ಹರಡಿದವು. ಆರಿಸಿ ಕಟ್ಟುವಾಗ ಅವರಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಒಬ್ಬಳ ಮುಖ ನೋಡಲು ಬೀದಿಯ ಬಟ್ಟೆಯನ್ನೆಲ್ಲ ಹೊರುವುದೇ? ಆದರೂ ಹೆಜ್ಜೆ ಹಿಂದೆ ಹೋಗಲಿಲ್ಲ.

ಅಂಗಡಿಯಲ್ಲಿ ಗಂಟು ಇಳಿಸಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ಹೇಗೋ ಹೊರಹಾಕಿದರು. "ನಿಮ್ಮ ಹತ್ರ ನಂದೊಂದು... ಬೇಡಿಕೆ ಇದೆ."

ಆಕೆಯ ಮುಖ ಅರಳಿತು. "ಗೊತ್ತು ಸಾರ್!"

ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು. "ಗೊತ್ತಾ?"

"ನೀವು ತರೋ ಬಟ್ಟೆ ನೋಡಿದ್ರೇ ಗೊತ್ತಾಗಲ್ವಾ? ಬೇಡಿಕೆ ಏರಿದ್ರೆ ಕೆಲಸ ಹುಟ್ಟುತ್ತೆ ಅಂತ ನೀವೇ ಹೇಳಿದ್ರಿ. ಹುಟ್ಟಿಸಿಬಿಟ್ಟೆ!" ಆಕೆ ಒಳಗೆ ತಿರುಗಿ ಕರೆದಳು. ಬಾಗಿಲಷ್ಟು ಅಗಲದ, ಮೀಸೆಯ ಆಳೊಬ್ಬ ಹೊರಬಂದ. "ನಾಳೆಯಿಂದ ಈ ಅಂಗಡೀಗೆ ಇವ್ರದ್ದೇ ಉಸ್ತುವಾರಿ. ನಾನು ಪಕ್ಕದೂರಲ್ಲಿ ಇನ್ನೊಂದು ಅಂಗಡಿ ಹಾಕ್ತಿದೀನಿ, ವಾಸಾನೂ ಅಲ್ಲೇ. ಎಲ್ಲಾ ನಿಮ್ಮಿಂದ ಸಾರ್."

ಮೇಷ್ಟ್ರಿಗೆ ಹೋಗಬೇಡಿ ಎನ್ನಬೇಕೆನಿಸಿತು. ಆದರೆ ಆಕೆ ಇಷ್ಟು ಸಂತೋಷವಾಗಿದ್ದುದನ್ನು ಅವರು ಎಂದೂ ಕಂಡಿರಲಿಲ್ಲ.

"ಒಂದೇ ಭಯ," ಎಂದಳು ಆಕೆ. "ನೀವು ಬಟ್ಟೆ ತರೋದು ನಿಲ್ಲಿಸಿದ್ರೆ ಇವ್ರ ಕೆಲಸ ಹೋಗುತ್ತೆ. ಮೂರು ಮಕ್ಕಳು. ದಿನಾ ಬರ್ತೀರಲ್ವಾ ಸಾರ್?"

"ಬರ್ತೀನಿ," ಎಂದರು ಮೇಷ್ಟ್ರು.

ಆಗ ಆಕೆ ಮೊಟ್ಟಮೊದಲ ಬಾರಿಗೆ ಮೇಷ್ಟ್ರ ಕೈ ಹಿಡಿದಳು. ಬಿಸಿಯಾದ, ಮೃದುವಾದ ಕೈ. ಮೇಷ್ಟ್ರು ಕಣ್ಣು ಮುಚ್ಚಿದರು. ತೆರೆದಾಗ ಆಕೆ ಆ ಕೈಯನ್ನು ಒಯ್ದು ಮೀಸೆಯವನ ಕೈಯಲ್ಲಿಟ್ಟು, "ನಮ್ಮ ಸಾರ್‌ನ ನಿಮ್ಮ ಕೈಗೆ ಒಪ್ಪಿಸ್ತಿದೀನಿ, ಇನ್ಮೇಲೆ ಚೆನ್ನಾಗಿ ನೋಡ್ಕೊಳ್ಳಿ" ಎನ್ನುತ್ತಿದ್ದಳು.